ನೀವು ತಿಂದ ಏಳನೆಯ ಕಾಯಿ

ಕಾರ್ಖಾನೆಗಳ ಪರಿವೀಕ್ಷಕರೆಂಬ ಮಾನ್ಯರೇ,

‘ಕಾರ್ಮಿಕೆಯ ಸ್ವಂತ ಅಜಾಗರೂಕತೆ’ ಎಂದು ಮೂರೇ ಪದ ಬರೆದು ನಮ್ಮ ಕಾರ್ಖಾನೆಯ ಸುಂಕಮ್ಮನವರ ಬಲಗೈಯ ಕಡತವನ್ನು ಮುಚ್ಚಿದ್ದೀರಿ. ಎಂಥ ಮಿತವ್ಯಯ! ಹೋದದ್ದು ಮೂರು ಬೆರಳು, ಬೆರಳಿಗೊಂದು ಪದ. ಆ ಮೂರೂ ಸುಳ್ಳು ಎಂದು ಹೇಳಲು ಈ ಪತ್ರ.

ನಾನು ಹರಪನಹಳ್ಳಿಯ ಹೊರಗಿನ ಒಂದು ಮೆಕ್ಕೆಜೋಳದ ಕಾರ್ಖಾನೆಯಲ್ಲಿ ತೂಕದ ಚೀಟಿ ಬರೆಯುವವಳು. ಭಾನುವಾರಗಳಲ್ಲಿ ಅಂಚೆ ಶಿಕ್ಷಣದ ಮೂಲಕ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಓದುತ್ತೇನೆ. ನಿಮ್ಮ ಕುರ್ಚಿಗೆ ಬೇಕಾದ ವಿದ್ಯೆಯನ್ನು ಕುರ್ಚಿಯಿಲ್ಲದವಳು ಓದುವುದು ಅಧಿಕಪ್ರಸಂಗವಿರಬಹುದು. ಆದರೆ ಮೊದಲ ಪಾಠದಲ್ಲೇ ನಿಮ್ಮ ಮುಖ ಕಂಡಿತು. ಅಪಘಾತವೆಲ್ಲ ಬಹುಪಾಲು ಕೆಲಸಗಾರನ ತಪ್ಪು ಎಂದು ನೂರು ವರ್ಷದ ಹಿಂದಿನವರು ನಂಬಿದ್ದರಂತೆ. ಆಮೇಲಿನವರು, ಮನುಷ್ಯ ಎಂದ ಮೇಲೆ ತಪ್ಪುತ್ತಾನೆ, ತಪ್ಪಿದರೂ ಕೈ ಉಳಿಯುವಂತೆ ಯಂತ್ರವನ್ನೂ ಪದ್ಧತಿಯನ್ನೂ ಕಟ್ಟುವುದು ಯಜಮಾನನ ಹೊಣೆ ಎಂದರು. ನೀವು ಎರಡನೆಯ ಪುಟ ತಿರುಗಿಸಲೇ ಇಲ್ಲವೇ? ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ನಿಮಗೆ ಬಾಯಿಪಾಠ. ನೆಲವೇ ಡೊಂಕಾಗಿದ್ದರೆ ಅದನ್ನು ನೋಡಲಿಕ್ಕೇ ಅಲ್ಲವೇ ಸರ್ಕಾರ ನಿಮಗೆ ಜೀಪು ಕೊಟ್ಟಿರುವುದು?

ನಮ್ಮ ತೆನೆ ಬಿಡಿಸುವ ಯಂತ್ರದ ಬೆಲ್ಟಿಗೆ ಕೈ ಸಿಗದಂತೆ ಮುಚ್ಚುವ ಕಬ್ಬಿಣದ ಜಾಲರಿಯೊಂದಿದೆ. ನೀವು ಬರುವ ದಿನ ಅದು ಯಂತ್ರದ ಮೇಲಿರುತ್ತದೆ, ಉಳಿದ ದಿನ ಗೋದಾಮಿನಲ್ಲಿ. ಅದಿದ್ದರೆ ಕೆಲಸ ನಿಧಾನವಂತೆ. ಕಳೆದ ದಸರೆಯಿಂದ ಈಚೆಗೆ ಆ ಬೆಲ್ಟು ದುರುಗಪ್ಪನ ಟವೆಲ್ಲು ಎಳೆಯಿತು, ಸುಂಕಮ್ಮನವರ ಸೆರಗನ್ನೇ ಎರಡು ಸಲ ಎಳೆಯಿತು, ಉಳಿದವರ ಬಟ್ಟೆಯನ್ನು ನಾಲ್ಕು ಸಲ. ಪ್ರತಿ ಸಲವೂ ಸಾವ್ಕಾರರು, “ದೇವ್ರು ಕಾಯ್ದ ನೋಡ್ರಿ, ಒಂದು ಕಾಯಿ ಒಡೀರಿ” ಎನ್ನುವರು. ದುರುಗಪ್ಪ ಒಮ್ಮೆ ಬಾಯಿಬಿಟ್ಟು ಜಾಲರಿ ಕೇಳಿದ. “ಅಂಜೋರು ನಾಳಿಂದ ಬರಬ್ಯಾಡ್ರಿ” ಎಂದರು ಮೇಸ್ತ್ರಿ. ಪುಸ್ತಕದಲ್ಲಿ ‘ಸಂಸ್ಥೆಯ ಸಂಸ್ಕೃತಿ’ ಎಂಬ ದೊಡ್ಡ ಅಧ್ಯಾಯವಿದೆ; ನಮ್ಮಲ್ಲಿ ಅದು ಮೇಸ್ತ್ರಿಯ ಈ ಒಂದು ಮಾತಿನಲ್ಲಿ ಮುಗಿಯುತ್ತದೆ.

ಕೂದಲೆಳೆಯಲ್ಲಿ ತಪ್ಪಿದ ಅಪಘಾತವನ್ನೂ ದಾಖಲಿಸಬೇಕು, ಅದು ಬರಲಿರುವುದರ ಮುನ್ಸೂಚನೆ ಎನ್ನುತ್ತದೆ ನನ್ನ ಪಾಠ. ನಮ್ಮಲ್ಲಿ ದಾಖಲೆ ಇತ್ತು ಸ್ವಾಮಿ, ತೆಂಗಿನಕಾಯಿಗಳಲ್ಲಿ. ಅಂಗಡಿಗೆ ಹೋಗಿ ತರುತ್ತಿದ್ದವಳು ನಾನೇ. ಒಟ್ಟು ಏಳು. ಹಿಂದಿನ ದಿನದ ಎಳೆತಕ್ಕೆ ಏಳನೆಯದನ್ನು ಒಡೆದ ದಿನ ನೀವು ತಪಾಸಣೆಗೆ ಬಂದಿದ್ದಿರಿ. “ಪ್ರಸಾದ ತಗೋರಿ ಸಾಹೇಬ್ರ” ಎಂದು ಸಾವ್ಕಾರರು ಚೂರು ಕೊಟ್ಟರು. ಕಣ್ಣಿಗೊತ್ತಿಕೊಂಡು ತಿಂದಿರಿ. ಯಾತರ ಪ್ರಸಾದ ಎಂದು ಕೇಳಲಿಲ್ಲ. ನಾನೂ ತಿಂದೆ, ನಾನೂ ಹೇಳಲಿಲ್ಲ. ಆ ನಾಚಿಕೆ ನನಗಿದೆ. ಹದಿನೈದು ದಿನಕ್ಕೆ ಸೆರಗಿನ ಹಿಂದೆ ಕೈಯೂ ಹೋಯಿತು.

ನಿಮ್ಮ ವರದಿಯನ್ನು ಸುಂಕಮ್ಮನವರಿಗೆ ಓದಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. “ಸಾಹೇಬ್ರು ಬರ್ದಿದ್ದು ಖರೇನ ಐತಿ ಬಿಡವ್ವಾ. ನನ್ನ ಸೆರಗು ನಾನ ನೋಡ್ಕಬೇಕಿತ್ತು” ಎಂದರು. ಈಗ ಮದುವೆ ಮನೆಯಲ್ಲಿ ಪಂಕ್ತಿಗೆ ಕೂರುವುದಿಲ್ಲ. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದೆಂದು ತಟ್ಟೆ ಹಿಡಿದು ಹಿತ್ತಲಿಗೆ ಹೋಗುತ್ತಾರೆ. ಬೆಲ್ಟು ತೆಗೆದದ್ದು ಬೆರಳನ್ನು ಮಾತ್ರ. ತಪ್ಪು ತನ್ನದೇ ಎಂಬ ನಂಬಿಕೆಯನ್ನು ಅವರೊಳಗೆ ಇಟ್ಟವರು ನೀವು. ಇದಕ್ಕಾಗಿ ನನಗೆ ನಿಮ್ಮ ಬಗ್ಗೆ ಅಸಹ್ಯವಿದೆ.

ಆದ್ದರಿಂದ ಕೇಳುತ್ತಿದ್ದೇನೆ: ಆ ಮೂರು ಪದ ಹೊಡೆದುಹಾಕಿ. ಜಾಲರಿ ಇಲ್ಲದೆ ಯಂತ್ರ ಚಾಲೂ ಆಗದಂತೆ ಮಾಡಿಸಿ. ಸುಂಕಮ್ಮನವರ ಮನೆಗೆ ಬಂದು, “ತಪ್ಪು ನಿಮ್ಮದಲ್ಲ ತಾಯಿ” ಎಂದು ಅವರೆದುರು ನಿಂತು ಹೇಳಿ.

ತಡ ಮಾಡಬೇಡಿ. ತಾಯಿಯ ಜಾಗದಲ್ಲಿ ಈಗ ಮಗಳು ಕ್ರಾಂತಿ ನಿಂತಿದ್ದಾಳೆ. ಮೊನ್ನೆ ಸೋಮವಾರ ಬೆಲ್ಟು ಅವಳ ವೇಲನ್ನು ಎಳೆಯಿತು. ಸಾವ್ಕಾರರು ಕಾಯಿ ಒಡೆಸಿದರು. ನನ್ನ ಪಾಲಿನ ಚೂರನ್ನು ಈ ಪತ್ರದ ಜೊತೆ ಲಕೋಟೆಯಲ್ಲಿ ಇಟ್ಟಿದ್ದೇನೆ. ಇದು ಎಂಟನೆಯದು. ಈ ಸಲ ತಿನ್ನಬೇಡಿ, ದಾಖಲಿಸಿ.

ಇಂತಿ,
ಏಳು ಸಲ ಕಾಯಿ ತಂದು ಸುಮ್ಮನಿದ್ದ
ಶಿವಲೀಲಾ, ಹರಪನಹಳ್ಳಿ