ನೆಗ್ಗು ತೆಗೆದ ಬಾನೆಟ್

ಮಗಳೇ,

ನಿಮ್ಮ ರಾಕ್ ಬ್ಯಾಂಡಿನ ಮೊದಲ ರೆಕಾರ್ಡು ಕೇಳಿದೆ. ಸುಳ್ಳು ಹೇಳುವುದಿಲ್ಲ, ಅರ್ಧ ನನ್ನ ತಲೆಗೆ ಹತ್ತಲಿಲ್ಲ. ಡ್ರಮ್ಮಿನ ಬದಲು ನೀನು ಬಡಿಯುತ್ತಿದ್ದ ಹಳೇ ಕಾರಿನ ಬಾನೆಟ್ಟಿನ ಸದ್ದು ಮಾತ್ರ ಎಲ್ಲೂ ಇಲ್ಲ.

ರೆಕಾರ್ಡಿಂಗಿನ ಹಿಂದಿನ ದಿನ ಅದರ ನೆಗ್ಗೆಲ್ಲ ತೆಗೆದು ಬಣ್ಣ ಹೊಡೆದವನು ನಾನೇ. ಟಿಂಕರಿಂಗ್ ಮಾಡುವವನ ಮಗಳು ನಾಲ್ಕು ಜನರೆದುರು ನೆಗ್ಗಿದ ತಗಡು ಹಿಡಿಯಬಾರದು ಅಂತ.

"ಅಪ್ಪಾ, ಆ ನೆಗ್ಗಲ್ಲೇ ಅಲ್ವಾ ಸೌಂಡ್ ಇದ್ದಿದ್ದು!" ಅಂತ ನೀನು ಅತ್ತೆ.

"ತಗಡೇನು ಸಂಗೀತ ಕಲ್ತಿದೆಯಾ, ಹೋಗೇ!" ಅಂತ ನಾನು ರೇಗಿದೆ. ಬಾನೆಟ್ಟನ್ನು ಇಲ್ಲೇ ಬಿಟ್ಟು ನೀನು ಹೋಗಿಯೇಬಿಟ್ಟೆ.

ನಲವತ್ತು ವರ್ಷ ನೆಗ್ಗು ತೆಗೆದವನಿಗೆ ಒಂದು ನೆಗ್ಗು ಹಾಕಲು ಬರುತ್ತಿಲ್ಲ. ಮೂರು ದಿನದಿಂದ ಬಡಿಯುತ್ತಿದ್ದೇನೆ, ಆ ಸದ್ದು ಬರುತ್ತಿಲ್ಲ. ಒಮ್ಮೆ ಗ್ಯಾರೇಜಿಗೆ ಬಾ. ಎಲ್ಲಿ ಹೊಡೆಯಬೇಕೆಂದು ತೋರಿಸು. ನಾನು ಬಾಯಿ ಮುಚ್ಚಿಕೊಂಡು ಹೊಡೆಯುತ್ತೇನೆ.

ಕಾಯುತ್ತಿರುವ,
ನಿನ್ನ ಅಪ್ಪ