ನ್ಯಾಗೊಂಡ್ವೆಯ ಮಣ್ಣಿಗೆ ಹಾಡಿದ್ದು

ಮ್ಜಿಂಬಾ
21 ಜೂನ್ 1989

ಪ್ರೀತಿಯ ತಬಿತಾ,

ಕರ್ತನಲ್ಲಿ ನಿನಗೂ ಪಾದ್ರಿಯವರಿಗೂ ವಂದನೆ. ಈಸ್ಟರಿಗೆ ಬಂದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಮೆಕ್ಕೆಜೋಳ ಕಣಜ ಸೇರುವವರೆಗೆ ಕೈಗೆ ಬಿಡುವಿರಲಿಲ್ಲ, ಆಮೇಲೆ ಮನಸ್ಸಿಗೆ. ಚಳಿ ಜೋರಾಗಿದೆ. ನಮ್ಮವರ ಕೆಮ್ಮು ವಾಸಿಯಾಗಿದೆ.

ಬಾವಿಯ ಹತ್ತಿರದ ಮನೆಯ ನ್ಯಾಗೊಂಡ್ವೆ ನಿನಗೆ ನೆನಪಿರಬೇಕು. ಮಗಳು ಸತ್ತ ಮೇಲೆ ಮೊಮ್ಮಕ್ಕಳನ್ನು ಸಾಕಲು ಹೆಂಡ ಕಾಸಿ ಮಾರುತ್ತಿದ್ದಳು. ಅದಕ್ಕಾಗಿ ಚರ್ಚಿನ ಸಭೆ ಅವಳನ್ನು ಕರ್ತನ ಭೋಜನದಿಂದ ಹೊರಗಿಟ್ಟು, ಆ ರೊಟ್ಟಿ, ದ್ರಾಕ್ಷಾರಸ ಮುಟ್ಟದಂತೆ ಮಾಡಿತ್ತು. ಆದರೂ ಭಾನುವಾರ ತಪ್ಪಿಸುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು, ಭೋಜನದ ಹೊತ್ತಿಗೆ ಎದ್ದು ಹೋಗುತ್ತಿದ್ದಳು. ಮೇ ಕೊನೆಯಲ್ಲಿ ಜ್ವರದಿಂದ ಮಲಗಿದಳು. ಗಂಜಿ ಕೊಡಲು ಹೋದಾಗ ನನ್ನ ಕೈ ಹಿಡಿದುಕೊಂಡು, “ಎನಿಫಾ, ನನ್ನ ಮಣ್ಣಿಗೆ ಹಾಡೋರು ಯಾರೇ? ನಾಯಿ ಹೂತಂಗೆ ಹೂತ್ಬಿಡ್ತಾರಾ?” ಎಂದಳು.

“ನಾನಿದ್ದೀನಲ್ಲ, ಸುಮ್ನಿರಕ್ಕಾ,” ಎಂದೆ. ಆ ವಾರವೇ ತೀರಿಕೊಂಡಳು.

ಕ್ರಮ ನಿನಗೆ ಗೊತ್ತೇ ಇದೆ. ಹೊರಗಿಟ್ಟವರು ಸತ್ತರೆ ಚರ್ಚಿನ ಗಂಟೆಯಿಲ್ಲ, ಪಾದ್ರಿಯ ಪ್ರಸಂಗವಿಲ್ಲ, ಹಾಡಿಲ್ಲ. ಸ್ತ್ರೀಸಮಾಜದವರು ಹೋಗಬಹುದು, ಆದರೆ ಸಮವಸ್ತ್ರದ ಬಿಳಿ ರವಿಕೆ ಹಾಕುವಂತಿಲ್ಲ. ಹೂಳುವ ದಿನ ನಾನು ಆ ರವಿಕೆಗೆ ಇಸ್ತ್ರಿ ಹಾಕುವುದನ್ನು ನಮ್ಮವರು ಕಂಡರು.

“ಎಲ್ಲಿಗೆ ಹೊರಟಿದ್ದು? ಸಭಾಹಿರಿಯನ ಹೆಂಡ್ತಿನೇ ಹಿಂಗೆ ಮಾಡಿದ್ರೆ ನಾಳೆ ಮನೆಮನೇಲೂ ಹೆಂಡ ಕಾಸ್ತಾರೆ.”

“ಕಾಸ್ಲಿ ಅಂದ್ನಾ ನಾನು? ಅವಳು ತಪ್ಪು ಮಾಡಿಲ್ಲ ಅಂದ್ನಾ? ತಪ್ಪು ಮಾಡಿದೋರಿಗೋಸ್ಕರಾನೇ ಅಲ್ವಾ ಯೇಸು ಸತ್ತಿದ್ದು? ಗುರುವಾರ ಗುರುವಾರ ಸಮಾಜದ ಹೆಂಗಸ್ರಿಗೆ ಅದನ್ನೇ ಹೇಳಿಕೊಡ್ತೀನಿ. ಹೂಳೋ ದಿನ ಬಾಯಿ ಮುಚ್ಕೊಂಡ್ರೆ ಅದ್ಯಾವ ಸುವಾರ್ತೆ?”

ಅವರು ಟೋಪಿ ಹಾಕಿಕೊಂಡು ಹೊರಗೆ ಹೋದರು.

ಸಮಾಧಿಯ ಹತ್ತಿರ ಸಮಾಜದ ಹೆಂಗಸರೆಲ್ಲ ಬಣ್ಣದ ಬಟ್ಟೆ ಸುತ್ತಿಕೊಂಡು ಕೂತಿದ್ದರು. ನನ್ನ ರವಿಕೆ ಕಂಡು ಸಮಾಜದ ಅಧ್ಯಕ್ಷೆ ನ್ಯಾಚಿರ್ವಾ, “ಏನಮ್ಮಾ, ದಾರಿ ತಪ್ಪಿ ಬಂದ್ಯಾ? ಚರ್ಚು ಆ ಕಡೆ,” ಎಂದಳು. ಮಣ್ಣು ಬೀಳತೊಡಗಿದಾಗ ನಾನೊಬ್ಬಳೇ ಹಾಡಿದೆ. ಎರಡನೇ ಸಾಲಿಗೇ ರಾಗ ಎಲ್ಲಿಗೋ ಹೋಯಿತು. ಅದನ್ನು ಎತ್ತಿಕೊಂಡವರು ಯಾರು ಗೊತ್ತೇ? ಗುಂಡಿ ತೋಡಿದ, ನ್ಯಾಗೊಂಡ್ವೆಯ ಹೆಂಡದ ಗಿರಾಕಿಗಳು! ಅವರೂ ಒಂದು ಕಾಲಕ್ಕೆ ನಮ್ಮ ಭಾನುವಾರದ ಶಾಲೆಗೆ ಬಂದವರೇ. ಗುದ್ದಲಿಗೆ ಒರಗಿಕೊಂಡು ಎಲ್ಲ ಚರಣಗಳನ್ನೂ ಹಾಡಿದರು. ಒಬ್ಬ ಮೂಗೊರೆಸಿಕೊಂಡು, “ಅಮ್ಮಾ, ಕುಡೀದೆ ಹಾಡಿದ್ದು ಇದೇ ಮೊದಲು,” ಎಂದ. ಅಳುವಿನ ನಡುವೆಯೂ ನಗು ಬಂತು. ನಮ್ಮ ಹೆಂಗಸರು ಮಾತ್ರ ತಲೆ ಎತ್ತಲಿಲ್ಲ.

ಅವರು ಕೆಟ್ಟವರಲ್ಲ, ತಬಿತಾ. ಆ ಮನೆಗೆ ಹಿಟ್ಟು, ಸೌದೆ ಹೊತ್ತು ತಂದವರು ಅವರೇ. ನ್ಯಾಚಿರ್ವಾ ಒಬ್ಬ ಮೊಮ್ಮಗಳನ್ನು ತನ್ನ ಮನೆಗೇ ಕರೆದುಕೊಂಡು ಹೋದಳು. ಅದಕ್ಕೇ ನನಗೆ ಅನುಮಾನ. ನಾನು ಹಾಡಿದ್ದು ಕರ್ತನ ಕೃಪೆಯನ್ನು ನೆನೆದೋ, ಬರೀ ಹಠಕ್ಕೋ? ನೀನು ಪಾದ್ರಿಯ ಹೆಂಡತಿ, ಎರಡು ಕಡೆಯನ್ನೂ ಬಲ್ಲವಳು. ನನ್ನ ದಾಕ್ಷಿಣ್ಯ ನೋಡದೆ ಬರೆ.

ನಿನ್ನ ಮನೆಯ ಮೇಲೆ ಆತನ ನೆರಳಿರಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ
ಎನಿಫಾ

ಇನ್ನೊಂದು ಮಾತು: ಮೊನ್ನೆ ಭಾನುವಾರ ನನ್ನನ್ನೂ ಭೋಜನದಿಂದ ಹೊರಗಿಟ್ಟರು. ಆರಾಧನೆಯಲ್ಲಿ ಅದನ್ನು ಓದಿ ಹೇಳುವ ಸರದಿ ನಮ್ಮವರದಾಗಿತ್ತು. “ಎನಿಫಾ, ಹಿರಿಯ ವೈಸನ್ನರ ಹೆಂಡತಿ” ಎಂದು ತಮ್ಮದೇ ಹೆಸರನ್ನು ಸೇರಿಸಿ, ಬೇರೆ ಯಾರದೋ ಹೆಂಡತಿ ಎಂಬಂತೆ ಓದಿದರು. ಮನೆಗೆ ಬಂದ ಮೇಲೆ ಊಟ ತಂದಿಟ್ಟೆ. ಊಟದ ಪ್ರಾರ್ಥನೆ ಯಾವಾಗಲೂ ಅವರದೇ. ಕೈ ಜೋಡಿಸಿ ಕೂತರು, ಬಾಯಿ ಬಿಡಲಿಲ್ಲ. ಮುದ್ದೆ ಆರಿತು. ಕಡೆಗೆ ನಾನೇ ಪ್ರಾರ್ಥಿಸಿದೆ. “ಆಮೆನ್” ಎಂದರು. ಅಂದಿನಿಂದ ಅವರು ನನ್ನೊಡನೆ ಆಡಿರುವುದು ಅದೊಂದೇ ಮಾತು.