ಆಶ್ಲಿನ್ ರೋಸಿನ ವಿಡಿಯೊ

13 ಜನವರಿ 2014, ಸೋಮವಾರ. ಬ್ಲ್ಯಾಕ್‌ಟೌನ್

ಸೀರೆ ಮತ್ತೆ ನೆನೆಹಾಕಿದೆ. ತೆಂಗಿನ ಹಾಲಿನ ಜಿಡ್ಡು ಬಿಡುತ್ತಿಲ್ಲ. ಮೆಲ್ಬರ್ನ್‌ನಲ್ಲಿ ವೆರೋನಿಕಾ ಆಂಟಿ ಮಗಳು ಆಶ್ಲಿನ್ ಮದುವೆ ಚೆನ್ನಾಗಾಯಿತು. ಹಿಂದಿನ ದಿನದ ರೋಸ್, ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ, ಅದಕ್ಕಿಂತ ಚೆನ್ನ. ಬಂದವರೆಲ್ಲ ಆಶ್ಲಿನ್ ಮೈಗೆ ಹಾಲು ಹಚ್ಚಿದ್ದೇ ಹಚ್ಚಿದ್ದು, ಅವಳು ಬಿದ್ದು ಬಿದ್ದು ನಕ್ಕಿದ್ದೇ ನಕ್ಕಿದ್ದು. ನಾನು ತೆಗೆದ ವಿಡಿಯೊ ನೆಟ್‌ಗೆ ಹಾಕಿದೆ, ಅವಳನ್ನು ಕೇಳಿಯೇ. "ಹಾಕು ಅಕ್ಕ, ಊರಲ್ಲಿರೋರೂ ನೋಡ್ಲಿ."

ಹಾಕುವಾಗ, ಬೇರೆಯವರು ಬಳಸಲು ಲೈಸೆನ್ಸ್ ಯಾವುದು ಅಂತ ಸೈಟು ಕೇಳಿತು. ಎರಡಿದ್ದವು. ಒಂದರಲ್ಲಿ 'ಕಾಮನ್ಸ್' ಅಂತಿತ್ತು. ರೋಸಿಗೆ ಎಲ್ಲರೂ ಕೈ ಹಚ್ಚುವುದೇ ಪದ್ಧತಿ, ಇದೂ ಕಾಮನ್ ಇರಲಿ ಅಂತ ಒತ್ತಿದೆ. ಓದಲಿಲ್ಲ... ಅನ್ನ ಒಲೆ ಮೇಲಿತ್ತು.

20 ಫೆಬ್ರವರಿ

ಅಯ್ಯೋ ಯೇಸುವೇ. ಸಂಜೆ ನಮ್ಮ ಯಜಮಾನರು ಮೆಲ್ರಾಯ್ ಕೆಲಸದಿಂದ ಬಂದವರೇ ಫೋನ್ ನನ್ನ ಮುಂದೆ ಹಿಡಿದರು. "ಇದು ನಿನ್ನ ವಿಡಿಯೊ ಅಲ್ವಾ?" ಯಾವುದೋ ಫೇರ್‌ನೆಸ್ ಕ್ರೀಮ್ ಕಂಪನಿ ಅದನ್ನೇ ಮತ್ತೆ ಹಾಕಿದೆ. ಹಾಲು ಹಚ್ಚಿಸಿಕೊಳ್ಳುತ್ತಿರುವ ಆಶ್ಲಿನ್ ಮುಖದ ಮೇಲೆ, 'ಅಜ್ಜಿಯ ತೆಂಗಿನ ಹಾಲಿನಿಂದ ಬೆಳ್ಳಗಾಗದಿದ್ದರೆ...' ಪಕ್ಕದಲ್ಲಿ ಟ್ಯೂಬು. ಕೆಳಗಿನ ಕಾಮೆಂಟುಗಳನ್ನು ಬರೆಯಲಾರೆ.

ಚಿಕ್ಕಂದಿನಲ್ಲಿ ಅವಳನ್ನು 'ಕಪ್ಪಮ್ಮ' ಅಂತ ಅಳಿಸಿದವರು ನಾವೇ. ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದಳು. ಅವತ್ತು ತಿರುಗಿಸಿರಲಿಲ್ಲ.

ಲೈಸೆನ್ಸ್ ಈಗ ಓದಿದೆ. ಹೆಸರು ಹಾಕಿದರಾಯಿತು, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಜಾಹೀರಾತಿಗೂ ಬಳಸಬಹುದು. ಹೆಸರು ಹಾಕಿದ್ದಾರೆ, ಮೂಲೆಯಲ್ಲಿ, ನನ್ನದು. ಈಗ ಬದಲಾಯಿಸಿದರೂ, ತೆಗೆದುಕೊಂಡವರದ್ದು ತೆಗೆದುಕೊಂಡ ಹಾಗೇ.

21 ಫೆಬ್ರವರಿ

ಆಶ್ಲಿನ್ ಫೋನ್. ಅವಳು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಜೊತೆಯ ನರ್ಸ್ ತೋರಿಸಿದಳಂತೆ. ಅಳುತ್ತಿರಲಿಲ್ಲ. "ಅಕ್ಕ, ನೀನೇನಾದ್ರೂ ಪರ್ಮಿಷನ್ ಕೊಟ್ಟಿದ್ಯಾ?"

"ಇಲ್ಲ ಕಣೇ! ಕದ್ದಿದ್ದಾರೆ, ಹಾಳಾದೋರು!"

ಎಷ್ಟು ಸಲೀಸಾಗಿ ಬಂತು. "ಸರಿ ಅಕ್ಕ" ಅಂದಳು. ಫೋನ್ ಇಟ್ಟ ಮೇಲೆ ಗುಟ್ಟಾಗಿ ಲೈಸೆನ್ಸ್ ಬದಲಾಯಿಸಿದೆ. ಕಳ್ಳರು ಯಾರು ಹಾಗಾದರೆ?

2 ಮಾರ್ಚ್, ಭಾನುವಾರ

ವೆರೋನಿಕಾ ಆಂಟಿ ಫೋನ್. "ಕಂಪ್ಲೇಂಟ್ ಕೊಡೋಣ ಅಂದ್ರೆ ಇವ್ಳು ಬೇಡ ಮಮ್ಮಿ ಅಂತಾಳೆ. ಮದ್ವೆ ಫೋಟೋನೆಲ್ಲ ತೆಗ್ದು ಒಳಗಿಟ್ಟಿದ್ದಾಳೆ. ನೀನಾದ್ರೂ ಹೇಳು ರೋಶ್ನಿ, ನಿನ್ ಮಾತು ಕೇಳ್ತಾಳೆ." ಕಂಪ್ಲೇಂಟ್ ಇಲ್ಲ ಅಂದಿದ್ದಕ್ಕೆ ಹೋದ ಜೀವ ಬಂತು ನನಗೆ. ಥೂ, ನನ್ನ ಜನ್ಮಕ್ಕಿಷ್ಟು.

ಚರ್ಚಿನಲ್ಲಿ, ಸುಳ್ಳು ಹೇಳಿದ ಬಾಯಿ ಇಟ್ಟುಕೊಂಡು ಪರಮಪ್ರಸಾದ ತೆಗೆದುಕೊಳ್ಳಲು ಏಳಲಿಲ್ಲ. ಮೆಲ್ರಾಯ್ ತಿರುಗಿ ನೋಡಿದರು.

3 ಮಾರ್ಚ್

ತಡೆಯಲಾಗಲಿಲ್ಲ. ನಾನೇ ಫೋನ್ ಮಾಡಿದೆ. "ಆಶ್ಲಿನ್, ಆ ಲೈಸೆನ್ಸ್ ನಾನೇ..."

"ಗೊತ್ತು ಅಕ್ಕ. ವಿಡಿಯೊ ಕೆಳಗೇ ಬರ್ದಿತ್ತಲ್ಲ. ಓದಿಯೇ ನಿಂಗೆ ಫೋನ್ ಮಾಡಿದ್ದು."

ಅವಳೇ ಮುಂದುವರಿಸಿದಳು.

"ಗೊತ್ತಾಗ್ದೆ ಒತ್ಬಿಟ್ಟೆ ಅಂತೀಯ ಅಂದ್ಕೊಂಡಿದ್ದೆ. ಅಂದಿದ್ರೆ ಇಬ್ರೂ ಸೇರ್ಕೊಂಡು ಅವ್ರಿಗೆ ಬೈತಿದ್ವಿ. ಆ ಕ್ರೀಮಿನವ್ರಿಗೆ ನಾನ್ಯಾರು ಅಂತ ಗೊತ್ತಿಲ್ಲ ಅಕ್ಕ. ನಿಂಗೆ ಗೊತ್ತಿತ್ತಲ್ಲ."

ಸಾರಿ ಅಂದೆ. "ಇದೀಯಾ?" ಅಂದೆ. ಮತ್ತೆ ಅಂದೆ. ಆಮೇಲೆ ಅವಳು ಫೋನ್ ಇಟ್ಟಳು.